ಬಲಮನೆಯ ಗೋಧಿ

ನಮ್ಮ ಊರಿನಲ್ಲಿ ಹೊಲಗಳು ಬಲಕ್ಕೆ ನಡೆಯುತ್ತವೆ. ಚಳಿ ಹಿಂದೆ ಸರಿಯುವಾಗ ನಮ್ಮ ಬಾಗಿಲ ಮುಂದೆ ನಾವು ಬಿತ್ತಿದ ಗೋಧಿ, ಬಿಸಿಲು ಬಲಿತು ತೆನೆ ಕೆಂಪಗಾಗುವ ಹೊತ್ತಿಗೆ ಬಲಮನೆಯವರ ಬಾಗಿಲ ಮುಂದೆ ನಿಂತಿರುತ್ತದೆ. ಅದನ್ನು ಅವರು ಕೊಯ್ಯುತ್ತಾರೆ. ನಮ್ಮ ಪಾಲಿಗೆ ಎಡಮನೆಯವರು ಬಿತ್ತಿದ್ದು ಬರುತ್ತದೆ. ಊರು ಗುಡ್ಡದ ಸುತ್ತ ಬಳೆಯ ಹಾಗೆ ಕೂತಿರುವುದರಿಂದ ಮೊದಲ ಮನೆ, ಕೊನೆಯ ಮನೆ ಎಂಬುದಿಲ್ಲ. ಪ್ರತಿಯೊಬ್ಬರಿಗೂ ಒಂದು ಎಡಮನೆ, ಒಂದು ಬಲಮನೆ.

ಹೊಲ ನಡೆಯುವುದು ಕಣ್ಣಿಗೆ ಕಾಣುವುದಿಲ್ಲ. ಬದುವಿನ ಮೇಲೆ ಒಣಹಾಕಿ ಮರೆತ ಸೀರೆ ಮರುವಾರ ಪಕ್ಕದ ಅಂಗಳದ ಕಡೆ ಹೊರಟಿರುವುದನ್ನು ನೋಡಿದಾಗಲೇ ಗೊತ್ತಾಗುವುದು. ಹಾಗೆ ಹೋದ ಸೀರೆಯನ್ನು ಓಡಿಹೋಗಿ ತರಬಹುದು, ಅದಕ್ಕೆ ಅಡ್ಡಿಯಿಲ್ಲ. ಆದರೆ ಹೊಲ ಯಾರ ಬಾಗಿಲಿಗೆ ಹೊರಟಿದೆಯೋ ಅವರು ಮಾತ್ರ ಅದು ಬಂದು ಮುಟ್ಟುವವರೆಗೆ ಅದನ್ನು ಮುಟ್ಟುವಂತಿಲ್ಲ. ಗುಡ್ಡದ ಆಚೆ ಬದಿಯಲ್ಲಿ ಒಬ್ಬ, ತನಗೆ ಬರಬೇಕಾದ ಹೊಲದಲ್ಲಿ ಕಳೆ ಕಂಡು ತಡೆಯಲಾರದೆ ಒಂದು ಹಿಡಿ ಕಿತ್ತನಂತೆ. ಹೊಲ ಅಲ್ಲಿಯೇ ನಿಂತುಬಿಟ್ಟಿತು. ಹಿಂದಿನ ಹೊಲಗಳೆಲ್ಲ ಬಂದು ಬಂದು ಅದಕ್ಕೆ ಒತ್ತಿ, ಮಡಚಿಟ್ಟ ಕೌದಿಗಳ ಹಾಗೆ ಒಂದರ ಮೇಲೊಂದು ಏರಿದವು. ಅವು ಸಡಿಲಾಗುವಷ್ಟರಲ್ಲಿ ಸುಗ್ಗಿಯೇ ಮುಗಿದುಹೋಗಿತ್ತು. ಆ ಕಥೆಯನ್ನು ನಮ್ಮಲ್ಲಿ ಮಕ್ಕಳಿಗೆ ನಡೆಯಲು ಬಂದ ಕೂಡಲೇ ಹೇಳುತ್ತಾರೆ.

ಬಿತ್ತುವವನು ಒಬ್ಬ, ಉಣ್ಣುವವನು ಇನ್ನೊಬ್ಬ ಆದಮೇಲೆ ಬಿತ್ತನೆ ಹೇಗಿರುತ್ತದೆ? ರಾಶಿ ಮಾಡಿದ ಮೇಲೆ ಗುಂಡಗಿನ ಕಾಳನ್ನು ಊಟಕ್ಕೆ ತುಂಬಿಟ್ಟು, ಜರಡಿಯಿಂದ ಕೆಳಗೆ ಉದುರಿದ ಸೊರಗುಗಾಳನ್ನು ಬೀಜಕ್ಕೆ ಕಟ್ಟಿಡುವುದು ಎಲ್ಲ ಮನೆಗಳ ಪದ್ಧತಿ. ಇದನ್ನು ಯಾರೂ ಕೆಟ್ಟತನ ಎನ್ನುತ್ತಿರಲಿಲ್ಲ, ಏಕೆಂದರೆ ಎಲ್ಲರೂ ಮಾಡುತ್ತಿದ್ದರು. ನನ್ನ ಗಂಡ ಮುರಗೆಪ್ಪ ಬದುವಿನ ಮೇಲೆ ನಿಂತು ಎರಡೂ ಕೈಯಿಂದ ಬೀಜ ಎರಚಿ, ಕಾಸಿಟ್ಟ ಚಹಾ ಆರುವುದರೊಳಗೆ ಇಡೀ ಹೊಲ ಬಿತ್ತಿ ಬರುತ್ತಿದ್ದ. ಅದನ್ನು ಊರವರು ಕೈಚಳಕ ಎಂದು ಹೊಗಳುತ್ತಿದ್ದರು. ಎಡಮನೆಯ ದುಂಡಪ್ಪಜ್ಜ ಇನ್ನೂ ಮುಂದೆ ಹೋಗಿ, ಹೊರಸಿನ ಮೇಲೆ ಕೂತಲ್ಲಿಂದಲೇ ಎರಚುತ್ತಿದ್ದ. ಅವನ ಹೊರಸಿನಿಂದ ದೂರವಿದ್ದ ನೆಲದಲ್ಲಿ ಹುಲ್ಲು ಮಾತ್ರ ಬರುತ್ತಿತ್ತು. ಆ ಹುಲ್ಲು ನಮ್ಮ ಪಾಲಿಗೆ.

ಬಲಮನೆಯಲ್ಲಿ ಪಾರಕ್ಕ ಮತ್ತು ಅವಳ ಗಂಡ ಅಡಿವೆಪ್ಪ ಇದ್ದರು. ಎರಡು ಮನೆಗಳಿಗೂ ನಡುವಿನಲ್ಲಿ ಒಂದೇ ಬಾವಿ. ನಾನು ಮದುವೆಯಾಗಿ ಬಂದ ದಿನದಿಂದ ಬೆಳಗ್ಗೆ ಆ ಬಾವಿಯ ಹತ್ತಿರ ಪಾರಕ್ಕನ ಜೊತೆ ಆಡಿದ ಮಾತಿನ ಮೇಲೆ ನನ್ನ ಇಡೀ ದಿನ ನಡೆಯುತ್ತಿತ್ತು. ಮನೆಯಲ್ಲಿ ಮುರಗೆಪ್ಪ ಮಾತಾಡುವುದು ಉಂಡಾಗ ಒಂದು, ಎದ್ದಾಗ ಒಂದು.

ಚಳಿ ಇನ್ನೂ ಇದ್ದಾಗ ಒಂದು ಬೆಳಗ್ಗೆ, ಹಗ್ಗ ಎಳೆಯುತ್ತ ಪಾರಕ್ಕ ಅಂದಳು, "ಇವರು ಕೆಳಗ ಹೋಗೂಣು ಅನ್ನಾಕತ್ತಾರ ನೋಡು."

"ಎಲ್ಲಿ ಕೆಳಗ?"

"ಬಯಲಸೀಮಿಗೆ. ಅಲ್ಲಿ ಹೊಲ ನಿಂತಲ್ಲೇ ನಿಂತಿರ್ತಾವಂತ. ಬಿತ್ತಿದಾಂವನ ಕೊಯ್ತಾನಂತ."

"ಅಯ್ಯ, ವರ್ಷಾ ಅದ ಹೊಲದ ಮಾರಿ ನೋಡಿ ನೋಡಿ ಬ್ಯಾಸರ ಬರೂದಿಲ್ಲೇನು ಅವರಿಗೆ?"

ಪಾರಕ್ಕ ನಕ್ಕಳು. ನಕ್ಕು, ಕೊಡವನ್ನು ಕಟ್ಟೆಯ ಮೇಲಿಟ್ಟು, ಸ್ವಲ್ಪ ಹೊತ್ತು ಅದರ ಬಾಯಿಯ ಮೇಲೆ ಕೈಯಿಟ್ಟುಕೊಂಡು ನಿಂತಳು. "ಹೊಟ್ಟಿ ತುಂಬಿದ್ರ ಬ್ಯಾಸರ ಯಾಕ ಬರತೈತಿ ಅಂತಾರ ಇವರು. ಹೋದ ಸುಗ್ಗಿ ಕಾಳು ದಸರಿಗೇ ತೀರಿತು, ಸಾವಂತ್ರೀ. ಈಗ ಎರಡೂ ಹೊತ್ತು ಗಂಜಿ. ಬರೂ ಸುಗ್ಗಿ ಒಂದು ನೋಡ್ತೀನಿ ಅಂದಾರ."

ತೀರಿದ ಆ ಕಾಳು ನಮ್ಮ ಬಾಗಿಲಲ್ಲಿ ಬಿತ್ತಿದ್ದು. ಅದನ್ನು ಅವಳು ಹೇಳಲಿಲ್ಲ. ಹೇಳಿದ್ದರೆ ನಾನೂ ದುಂಡಪ್ಪಜ್ಜನ ಹುಲ್ಲಿನ ಮಾತೆತ್ತಿ ಜಗಳ ಮಾಡಿ ಹಗುರಾಗುತ್ತಿದ್ದೆ.

ಒಂದು ಮನೆ ಖಾಲಿಯಾದರೆ ಏನಾಗುತ್ತದೆಂದು ನಮಗೆ ಗೊತ್ತಿತ್ತು. ಆಚೆ ಬದಿಯಲ್ಲಿ ಎರಡು ಮನೆಗಳಿಗೆ ಬೀಗ ಬಿದ್ದಿತ್ತು. ಮೊದಲನೆಯವರು ಹೋದಮೇಲೆ ಅವರ ಬಾಗಿಲಿನ ಹೊಲ ಬಿತ್ತನೆಯಿಲ್ಲದೆ ಬರಿನೆಲವಾಗಿ ನಡೆದು ಬಲಮನೆಗೆ ಬಂತು. ಆ ಮನೆಯವರು ಒಂದು ವರ್ಷ ಸಾಲ ತಂದು ಉಂಡರು, ಆಮೇಲೆ ಅವರೂ ಹೋದರು. ನಾನು ಊರಿನ ಬಗ್ಗೆ ಅಷ್ಟೊಂದು ಯೋಚಿಸಿದೆ ಎಂದರೆ ಸುಳ್ಳಾಗುತ್ತದೆ. ಬೆಳಗ್ಗೆ ಎದ್ದು ಬಾವಿಗೆ ಹೋದಾಗ ಆಚೆ ಕಟ್ಟೆಯ ಮೇಲೆ ಯಾರೂ ಇರುವುದಿಲ್ಲ ಎಂದಷ್ಟೇ ನನಗೆ ಹೊಳೆದದ್ದು.

ಅವತ್ತು ಮಧ್ಯಾಹ್ನ ಊಟದ ಕಾಳಿನ ಚೀಲ ಬಿಚ್ಚಿ ಅಂಗಳದಲ್ಲಿ ಸುರಿದೆ. ದೊಡ್ಡ ಪಾತ್ರೆಯಲ್ಲಿ ಉಪ್ಪುನೀರು ಕದಡಿ ಅದರಲ್ಲಿ ಗೋಧಿ ಹಾಕಿದೆ. ತೇಲಿದ್ದನ್ನು ಬಳಿದು ತೆಗೆದೆ. ಮುಳುಗಿದ್ದನ್ನು ತೊಳೆದು ನೆರಳಿನಲ್ಲಿ ಹರಡಿದೆ. ಇದೇನೂ ಹೊಸ ವಿದ್ಯೆಯಲ್ಲ. ತವರಿನಲ್ಲಿ ಅವ್ವ ಬದನೆ ಬೀಜವನ್ನು ಹೀಗೇ ನೀರಿಗೆ ಹಾಕಿ ಆರಿಸುತ್ತಿದ್ದಳು. ಸಾಲು ಬಿಟ್ಟು ಊರುತ್ತಿದ್ದಳು, ಬುಡಕ್ಕೆ ಗೊಬ್ಬರ ಹಾಕುತ್ತಿದ್ದಳು, ಸಸಿ ಬಾಡುವ ಮೊದಲೇ ನೀರುಣಿಸುತ್ತಿದ್ದಳು. ನಮ್ಮೂರಿನ ಎಲ್ಲ ಹೆಂಗಸರೂ ಹಾಗೆಯೇ ಮಾಡುತ್ತಾರೆ. ಹಿತ್ತಲು ಎಲ್ಲಿಗೂ ನಡೆದುಹೋಗುವುದಿಲ್ಲವಲ್ಲ.

ಮುರಗೆಪ್ಪ ಬಂದು ಅಂಗಳ ನೋಡಿ ನಿಂತ. "ಇದೇನಿದು?"

"ಬೀಜ."

"ಬೀಜಾ ಮೂಲ್ಯಾಗ ಐತಲ್ಲ, ಕಟ್ಟಿಟ್ಟದ್ದು."

"ಅದನ್ನ ನಾವು ತಿನ್ನೂಣು. ಇದನ್ನ ಬಿತ್ತೂಣು."

ಅವನು ಕೂತುಕೊಂಡ. ಸಿಟ್ಟು ಬಂದಾಗ ಅವನು ಮೊದಲು ಕೂತುಕೊಳ್ಳುತ್ತಾನೆ. "ಅಲ್ಲ, ನಾವು ಜೊಳ್ಳು ತಿಂದು ಅಡಿವೆಪ್ಪಗ ಗಟ್ಟಿಕಾಳು ಬೆಳದು ಕೊಡೂದು. ಅಂವ ಏನ್ ನನಗ ಬೀಗ ಆಗಬೇಕೋ, ಬಿಜ್ಜ ಆಗಬೇಕೋ?"

"ಪಾರಕ್ಕ ಹೊಂಟಾಳಂತ."

"ಹೋಗ್ಲಿ."

"ಹೋದ್ರ ನಾನೂ ದಿನಾ ನಿಮ್ಮ ಕೂಡನ ಮಾತಾಡಬೇಕಾಗತೈತಿ, ನೋಡ್ರಿ ಮತ್ತ."

ಮುರಗೆಪ್ಪ ಸ್ವಲ್ಪ ಹೊತ್ತು ಯೋಚಿಸಿದ. "ಹಿತ್ತಲದ ಬುದ್ಧಿ ಹೊಲಕ್ಕ ತರಬ್ಯಾಡ," ಎಂದಷ್ಟೇ ಹೇಳಿ ಎದ್ದುಹೋದ. ರಾತ್ರಿ ತೇಲುಗಾಳಿನ ರೊಟ್ಟಿಯನ್ನು ಎರಡೂ ಬದಿ ತಿರುಗಿಸಿ ನೋಡಿ ತಿಂದ.

ಅಟ್ಟದ ಮೇಲೆ ಸಾಲು ಹಿಡಿದು ಬಿತ್ತುವ, ಮಾವನವರ ಕಾಲದ ಕೂರಿಗೆ ಇತ್ತು. ಮದುವೆಗಳಲ್ಲಿ ಅರಿಸಿನ ಕುಂಕುಮ ಹಚ್ಚಲಿಕ್ಕೆ ಮಾತ್ರ ಅದು ಕೆಳಗಿಳಿಯುತ್ತಿತ್ತು. ಬಿತ್ತನೆಯ ದಿನ ನಾನೇ ಅದನ್ನು ಇಳಿಸಿ, ಜೇಡರ ಬಲೆ ಒರೆಸಿ, ಎತ್ತುಗಳನ್ನು ಹೂಡಿದೆ. ಅದಕ್ಕೂ ಮೊದಲು ಹಿತ್ತಲಿನ ತಿಪ್ಪೆಯನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಚೆಲ್ಲಿದ್ದೆ. ಅರ್ಧ ಸಾಲು ಹೋಗುವಷ್ಟರಲ್ಲಿ ಮುರಗೆಪ್ಪ ಓಡಿಬಂದ. ಹೆಂಡತಿ ಒಬ್ಬಳೇ ಕೂರಿಗೆ ಹೊಡೆಯುವುದನ್ನು ಜನ ನೋಡಿದರೆ ಮರ್ಯಾದೆಗೇಡು ಎಂದು ಎತ್ತಿನ ಹಗ್ಗ ಕಸಿದುಕೊಂಡ. ನಾನು ಹಿಂದಿನಿಂದ ಕೂರಿಗೆಯ ಬಟ್ಟಲಿಗೆ ಹದವಾಗಿ ಬೀಜ ಬಿಡುತ್ತ ಹೋದೆ. ಕಾಳು ಹಕ್ಕಿಗೆ ಕಾಣದಷ್ಟು ಒಳಗೆ, ಮೊಳಕೆಗೆ ಕಷ್ಟವಾಗದಷ್ಟು ಮೇಲೆ ಬೀಳಬೇಕು. ಎತ್ತುಗಳೂ ಬೆಪ್ಪಾಗಿ ಹಿಂದೆ ತಿರುಗಿ ನೋಡುತ್ತಿದ್ದವು.

ಸಸಿ ಹುಟ್ಟಿದ ಮೇಲೆ ಒಂದು ಹೊಸ ಫಜೀತಿ ಶುರುವಾಯಿತು. ಎರಚಿ ಬಿತ್ತಿದ ಹೊಲದಲ್ಲಿ ಎಲ್ಲ ಕಲಸಿಕೊಂಡಿರುವುದರಿಂದ ನಡಿಗೆ ಗೊತ್ತಾಗುವುದಿಲ್ಲ. ಈಗ ಹಸಿರು ಸಾಲುಗಳು ಗೆರೆ ಎಳೆದ ಹಾಗೆ ಎದ್ದಿದ್ದವು. ನಮ್ಮ ಕಟ್ಟೆಯ ಕಂಬಕ್ಕೆ ಕಣ್ಣು ಹಚ್ಚಿ ನಿಂತರೆ ಬೆಳಗ್ಗೆ ಕಂಬದ ಈಚೆಗಿದ್ದ ಸಾಲು ಸಂಜೆಗೆ ಕಂಬದ ಹಿಂದೆ ಅಡಗುತ್ತಿತ್ತು. ಹೊಲ ಹೋಗುತ್ತಿರುವುದು ಕಾಣತೊಡಗಿತು. ಜನ ನೋಡಲು ಬಂದರು. ನೋಡಿ, ಮೈಮೇಲಿನ ಸೆರಗು ಸರಿದವರ ಹಾಗೆ ಮುಜುಗರಪಟ್ಟು ಹಿಂತಿರುಗಿದರು. ದುಂಡಪ್ಪಜ್ಜ ಮಾತ್ರ ಬಹಳ ಹೊತ್ತು ನಿಂತ.

"ನಮ್ಮ ಹೊಲಾನೂ ಹಿಂಗ ಓಡ್ತಾವೇನು?"

"ಹೂಂ, ಅಜ್ಜಾ."

"ಮೊದಲ ಗೊತ್ತಿದ್ರ ಹೊರಸ ಗಟ್ಟಿ ಹಿಡಕೊಂಡು ಕೂಡತಿದ್ದೆ."

ನೀರಿನ ವಿಷಯದಲ್ಲಿ ಇದಕ್ಕಿಂತ ದೊಡ್ಡ ತೊಡಕಿತ್ತು. ಹೊಲ ನಡೆಯುತ್ತ ನಡೆಯುತ್ತ ಬಾವಿಯ ಪಕ್ಕಕ್ಕೆ ಬಂದಾಗ ನೀರು ಬಿಡುವುದು ಊರಿನ ರೂಢಿ. ತಾನಾಗಿಯೇ ಬಾವಿಗೆ ಬರುವ ಹೊಲಕ್ಕೆ ಎದುರು ಹೋಗಿ ನೀರು ಕೊಡುವುದನ್ನು ಯಾರೂ ಕಂಡಿರಲಿಲ್ಲ. ಆದರೆ ಅಷ್ಟರಲ್ಲಿ ಪೈರು ಮೊಣಕಾಲೆತ್ತರ ಆಗಿರುತ್ತದೆ. ನಾನು ಒಂದು ಎಳೆ ಸಸಿ ಕಿತ್ತು ನೋಡಿದೆ. ಕಾಳಿನಿಂದ ಇಳಿದ ಮೊದಲ ಬೇರು ಆಳದಲ್ಲಿತ್ತು. ಅದಕ್ಕಿಂತ ಮೇಲೆ, ನೆಲದ ಚರ್ಮದ ಕೆಳಗೇ, ಬಿಳಿಯ ಎಳೆಗಳು ಎರಡನೆಯ ಸುತ್ತು ಮೂಡುತ್ತಿದ್ದವು. ಅವು ಬಂದ ಜಾಗ ಒಣಗಿ ಬೂದಿಯಾಗಿತ್ತು. ಈ ಬೇರು ಹಿಡಿದರೆ ಒಂದು ಬುಡದಿಂದ ಹಲವು ಕವಲು ಒಡೆಯುತ್ತವೆ, ಕವಲಿಗೊಂದು ತೆನೆ. ಹಿಡಿಯದಿದ್ದರೆ ಒಂದೇ ಕಡ್ಡಿ. ನಾವು ಹುಟ್ಟಿದಾಗಿನಿಂದ ಕಂಡದ್ದು ಒಂದೇ ಕಡ್ಡಿ. ಗೋಧಿಯೆಂದರೆ ಹಾಗೆಯೇ ಇರುತ್ತದೆ ಎಂದುಕೊಂಡಿದ್ದೆವು.

ಬಾವಿಯಿಂದ ಹೊಲ ಇನ್ನೂ ದೂರವಿತ್ತು. ನಾನು ಗುದ್ದಲಿ ತೆಗೆದುಕೊಂಡು ನಡುವಿನ ನೆಲದಲ್ಲಿ ಸಣ್ಣ ಕಾಲುವೆ ತೋಡಿದೆ. ಸೇದಿ ಸುರಿಯುವುದು, ಓಡಿಹೋಗಿ ಸಾಲಿಗೆ ತಿರುಗಿಸುವುದು, ಮತ್ತೆ ಬಂದು ಸೇದುವುದು. ನಾನು ಹಿಂತಿರುಗುವಷ್ಟರಲ್ಲಿ ಕಾಲುವೆಯ ನೀರನ್ನು ನೆಲವೇ ಕುಡಿದುಬಿಡುತ್ತಿತ್ತು. ಸಂಜೆಯವರೆಗೆ ನಾಲ್ಕೇ ಸಾಲು ತೊಯ್ದವು. ಕಟ್ಟೆಯ ಮೇಲೆ ಕೂತು ಪಾರಕ್ಕ ನೋಡುತ್ತಿದ್ದಳು. ಅವಳಿಗೆ ಬರುವ ಹೊಲ, ಅವಳು ಮುಟ್ಟುವಂತಿಲ್ಲ.

ಮರುದಿನ ಅವಳು ಸೀರೆಯ ನೆರಿಗೆ ಸಿಕ್ಕಿಸಿಕೊಂಡು ಬಾವಿಗೆ ಬಂದಳು. "ಬಾವಿ ನಂದೂ ಹೌದಲ್ಲ?"

"ಹೌದು."

"ನನ್ನ ಬಾವ್ಯಾಗ ನಾ ನೀರು ಸೇದತೀನಿ. ಸೇದಿದ್ದನ್ನ ಇಲ್ಲಿ ಚೆಲ್ಲತೀನಿ. ಅದು ಎಲ್ಲಿ ಹೋಗತೈತೋ ನನಗೇನ ಗೊತ್ತು?"

ಅಡಿವೆಪ್ಪ ಮನೆಯೊಳಗಿಂದ ಕೂಗಿದ, "ಏ, ಹೊಲಾ ನಿಂತ್ರ ನಿನ್ನ ಹೆಗಲ ಮ್ಯಾಲ ಹೊತ್ಕೊಂಡು ಬರಬೇಕಾಗತೈತಿ!" ಪಾರಕ್ಕ ಅದು ಕೇಳಿಸದವಳ ಹಾಗೆ ಕೊಡ ಇಳಿಬಿಟ್ಟಳು. ಅವಳು ಸೇದಿ ಸುರಿಯುತ್ತ ಹೋದಳು, ನಾನು ಹೊಲದ ತುದಿಯಲ್ಲಿ ನಿಂತು ಸಾಲಿನಿಂದ ಸಾಲಿಗೆ ತಿರುಗಿಸಿದೆ. ನೀರು ಈಗ ಹರಿದುಬರುತ್ತಿತ್ತು, ಅದರ ಮುಂದೆ ಒಣ ಕಸ ಕಡ್ಡಿ ತೇಲಿಕೊಂಡು ಬರುತ್ತಿದ್ದವು. ನಾವಿಬ್ಬರೂ ಅಷ್ಟು ದೂರದಿಂದಲೇ ಕೂಗಿ ಕೂಗಿ ಹರಟೆ ಹೊಡೆದೆವು. ನಮ್ಮ ಮನೆಗಳ ಗುಟ್ಟೆಲ್ಲ ಅವತ್ತು ಊರಿಗೆ ಗೊತ್ತಾಯಿತು.

ಕೊನೆಯ ಸಾಲು ತೊಯ್ದ ಮರುದಿನ ಕಂಬಕ್ಕೆ ಕಣ್ಣು ಹಚ್ಚಿದ ಮುರಗೆಪ್ಪ ಹೊರಳಿ ನೋಡಿ, "ಸಾಲು ಸರದಿಲ್ಲ," ಎಂದ. ಸಂಜೆಗೂ ಸರಿಯಲಿಲ್ಲ. ಅದರ ಮರುದಿನವೂ ಸಾಲು ಅಲ್ಲಿಯೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಅರ್ಧ ಊರು ನಮ್ಮ ಕಟ್ಟೆಯ ಮುಂದಿತ್ತು. ಅಡಿವೆಪ್ಪ ಯಾರನ್ನೂ ಬೈಯಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು. ಪಾರಕ್ಕ ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಳ್ಳುತ್ತಿದ್ದಳು, ಅವು ತನ್ನವಲ್ಲವೇನೋ ಎಂಬ ಹಾಗೆ. ಎಡಗಡೆಯಿಂದ ದುಂಡಪ್ಪಜ್ಜನ ಹೊಲ ಬಂದು ನಮ್ಮ ಬದುವಿಗೆ ಮೂಗು ತಾಗಿಸಿತ್ತು.

"ನಿಂತಿಲ್ಲ ಇದು," ಎಂದ ದುಂಡಪ್ಪಜ್ಜ. ಅವನು ಹೊರಸನ್ನೇ ತರಿಸಿಕೊಂಡು ಕಂಬದ ಹತ್ತಿರ ಹಾಕಿಸಿಕೊಂಡಿದ್ದ. "ಹೊಟ್ಟಿ ತುಂಬ ನೀರು ಕುಡದೈತಿ. ಮೈ ಭಾರ ಆಗೈತಿ. ಹಬ್ಬದ ಊಟಾ ಮಾಡಿ ನೀವು ಓಡ್ತೀರೇನು?"

ಯಾರೂ ನಗಲಿಲ್ಲ. ಆದರೆ ಯಾರೂ ಮನೆಗೂ ಹೋಗಲಿಲ್ಲ. ಹೊತ್ತು ಇಳಿದು ಕಂಬದ ನೆರಳು ಉದ್ದವಾದಾಗ, ಮುಂದಿನ ಸಾಲಿನ ಅಂಚಿನ ಒಂದು ಎಲೆ ಕಂಬದ ಹಿಂದೆ ಮರೆಯಾಯಿತು. ಆಮೇಲೆ ಇನ್ನೊಂದು. ಪಾರಕ್ಕ ಅಲ್ಲಿಯೇ ನೆಲದ ಮೇಲೆ ಕೂತುಬಿಟ್ಟಳು.

ಅಲ್ಲಿಂದ ಮುಂದೆ ಹೊಲ ನಿಧಾನವಾಗಿಯೇ ನಡೆಯಿತು. ಸಾಲಿನ ನಡುವೆ ಎಡೆ ಹೊಡೆಯಲು ಜಾಗವಿದ್ದುದರಿಂದ ಕಳೆ ತಲೆಯೆತ್ತಲಿಲ್ಲ. ಎಡೆಕುಂಟೆಯನ್ನು ಮುರಗೆಪ್ಪನೇ ಹಿಡಿದ. ಯಾಕೆಂದು ನಾನು ಕೇಳಲಿಲ್ಲ, ಕೇಳಿದರೆ ಬಿಡುತ್ತಿದ್ದ. ಒಂದೊಂದು ಬುಡ ಒಂದೊಂದು ಹಿಡಿಯಾಗಿ ಒಡೆಯಿತು. ಬಾವಿಯ ಪಕ್ಕಕ್ಕೆ ಬಂದಾಗ ಮತ್ತೊಮ್ಮೆ, ಕಾಳು ಹಾಲುಗಟ್ಟುವಾಗ ಇನ್ನೊಮ್ಮೆ ನೀರು ಕೊಟ್ಟು, ಆಮೇಲೆ ಪೈರು ಮಲಗಬಾರದೆಂದು ನಿಲ್ಲಿಸಿದೆವು. ಬಲಮನೆಯ ಬಾಗಿಲು ಮುಟ್ಟುವ ಹೊತ್ತಿಗೆ ಆ ಹೊಲದಲ್ಲಿ ಗಾಳಿ ಬೀಸಿದರೆ ಮಳೆ ಬಂದ ಸದ್ದಾಗುತ್ತಿತ್ತು. ಅಡಿವೆಪ್ಪ ಕೊಯ್ದ, ಬಡಿದ, ತೂರಿದ. ರಾಶಿಯ ಆಚೆ ಕೂತವರು ಈಚೆ ಕೂತವರಿಗೆ ಕಾಣುತ್ತಿರಲಿಲ್ಲ. ನಮ್ಮ ಬಾಗಿಲಿಗೆ ಬಂದದ್ದು ದುಂಡಪ್ಪಜ್ಜನ ಹುಲ್ಲು. ಅದನ್ನು ಕೊಯ್ದು, ಸಿಕ್ಕಷ್ಟು ಕಾಳು ಆರಿಸಿಕೊಂಡೆವು.

ಪಾರಕ್ಕ ಆ ವರ್ಷ ಉಂಡು ಮೈ ತುಂಬಿಕೊಂಡಳು. ಬಾವಿಯ ಹತ್ತಿರ ಅವಳ ಬಳೆಗಳು ಮುಂಗೈಯಲ್ಲಿ ಜಾರದೆ ನಿಂತಿದ್ದವು. ಕೆಳಗೆ ಹೋಗುವ ಮಾತನ್ನು ಅವಳು ಆಡಲಿಲ್ಲ, ನಾನೂ ಕೇಳಲಿಲ್ಲ. ಮಳೆ ಬಂತು, ಹೋಯಿತು. ಚಳಿ ಹಿಂದೆ ಸರಿಯುವ ಹೊತ್ತಿಗೆ ಒಂದು ಬೆಳಗ್ಗೆ ಬಾವಿಗೆ ಹೋದರೆ ಅಡಿವೆಪ್ಪ ಗಾಡಿಯ ಗಾಲಿಗೆ ಎಣ್ಣೆ ಹಾಕುತ್ತಿದ್ದ.

"ಎಲ್ಲಿಗೆ, ಮಾವಾ?"

"ಕೆಳಗ," ಎಂದ, ತಲೆಯೆತ್ತದೆ. "ಇಷ್ಟು ದಿನಾ ದಾರಿಗೆ ಬುತ್ತಿ ಇರಲಿಲ್ಲ. ಬರಿಗೈಲೆ ಹೋಗಿ ಯಾರ ಬಾಗಿಲಾಗ ನಿಲ್ಲೂದು? ಈಗ ಉಂಡು ಉಳದೈತಿ. ಹೋಗಿ ಮುಟ್ಟತೀವಿ, ಮುಟ್ಟಿ ಮ್ಯಾಲೂ ಒಂದು ಸುಗ್ಗಿ ತನಕಾ ಕುಂತು ತಿಂತೀವಿ."

ನಾನು ಖಾಲಿ ಕೊಡ ಹಿಡಿದುಕೊಂಡೇ ಮನೆಗೆ ಬಂದೆ. ಮುರಗೆಪ್ಪ ನನ್ನ ಮುಖ ನೋಡಿದ. "ಬೀಜಾ ಆರಿಸಿ, ಸಾಲ ಹೊಡದು, ನೀರ ಹೊತ್ತು, ನೀನ ಕೈಯಾರೆ ಬುತ್ತಿ ಕಟ್ಟಿ ಕಳಸಾಕತ್ತಿ," ಎಂದ. ಅವನು ಅದನ್ನು ಚುಚ್ಚಲು ಹೇಳಲಿಲ್ಲ, ಅದಕ್ಕೇ ಹೆಚ್ಚು ಚುಚ್ಚಿತು. ನನ್ನ ಪಾಲಿನ ಚಹಾವನ್ನೂ ಅವನೇ ಸೋಸಿ ಕೊಟ್ಟ.

ಹೊರಡುವ ದಿನ ಗಾಡಿಯಲ್ಲಿ ಚೀಲಗಳನ್ನು ಹೇರಿ, ಮೇಲೆ ಕೌದಿ, ಪಾತ್ರೆ, ಬೀಸುವ ಕಲ್ಲು ಎಲ್ಲ ಕಟ್ಟಿಯಾಗಿತ್ತು. ಎತ್ತು ಹೂಡಿತ್ತು. ಹೇಳಿ ಬರಲೆಂದು ಹೋದ ನಾನು ಅಂಗಳದ ಅಂಚಿನಲ್ಲಿ ನಿಂತೆ. ಪಾರಕ್ಕ ಗಾಡಿ ಹತ್ತಿರಲಿಲ್ಲ. ಒಂದು ಚೀಲವನ್ನು ಕೆಳಗೆಳೆದು, ಬಾಯಿ ಬಿಚ್ಚಿ, ಮುಂದೆ ಮೊರ ಇಟ್ಟುಕೊಂಡು ಕೂತಿದ್ದಳು.

"ಏನ ಮಾಡಾಕತ್ತಿ ಅಲ್ಲಿ?" ಎಂದ ಅಡಿವೆಪ್ಪ.

"ಬೀಜಾ ಆರಸಾಕತ್ತೀನಿ."

"ಹೊಂಟು ನಿಂತೀವಿ, ಬೀಜಾ ಯಾಕ?"

"ನಮ್ಮ ಬಲಮನ್ಯಾಗ ಬಾಣಂತಿ ಅದಾಳ. ಬರಿನೆಲಾ ಕಳಸಿ ಹೋಗಲೇನು? ಬಿತ್ತಿ ಹೋಗೂಣು."

"ಸೊರಗುಗಾಳು ಮೂಲ್ಯಾಗ ಐತಿ. ಅದನ್ನ ಒಗದು ಬಾ, ಹೊತ್ತಾತು."

ಪಾರಕ್ಕ ಮೊರದ ಕಾಳನ್ನು ಒಮ್ಮೆ ಎಗರಿಸಿದಳು. "ಅಂಥಾದ್ದು ಬಿತ್ತಿ ಬೆಳದದ್ದನ್ನ ನಾ ತಿಂದೀನಿ. ಅದರ ರುಚಿ ನನಗ ಗೊತ್ತೈತಿ."

ಅಡಿವೆಪ್ಪ ಗಾಡಿಯ ಮೂಕಿಯ ಮೇಲೆ ಕೈಯಿಟ್ಟುಕೊಂಡು ನಿಂತ. ಅವನ ಸಿಟ್ಟು ಮೇಲೆ ಬರುತ್ತಿರುವುದು ಕುತ್ತಿಗೆಯಲ್ಲಿ ಕಾಣುತ್ತಿತ್ತು. "ಆತು, ಗಟ್ಟಿಕಾಳ ಬಿತ್ತಿ ಹೋದಿ ಅಂತ ತಿಳಕೊ. ಎರಡನೇ ಬೇರಿಗೆ ನೀರು ಯಾರು ಕೊಡ್ತಾರ? ನಿಮ್ಮಪ್ಪ ಬರ್ತಾನೇನು? ಎಡೆ ಯಾರು ಹೊಡೀತಾರ? ನೀರಿಲ್ಲದ ಒಣಗಿ ಒಂದೊಂದು ಕಡ್ಡಿ ಆಗಿ ಹೋಗತೈತಿ ಅದು, ಸುಮ್ಮನ ಅಷ್ಟು ಚೊಲೋ ಬೀಜಾ…"

ಅಷ್ಟಕ್ಕೇ ನಿಲ್ಲಿಸಿದ. ತನ್ನ ಬಾಯಿಂದ ಬಂದ ಮಾತನ್ನು ಬೇರೆ ಯಾರೋ ಆಡಿದರೇನೋ ಎಂಬ ಹಾಗೆ ಸುತ್ತ ನೋಡಿದ. ನಾನು ಬೇರೆ ಕಡೆ ನೋಡಿದೆ. ಪಾರಕ್ಕ ಕಾಳಿನಿಂದ ಕಣ್ಣೆತ್ತಲಿಲ್ಲ. ಎತ್ತುಗಳು ನೊಗದಲ್ಲಿ ಕಾಲು ಬದಲಿಸಿದವು. ಬಹಳ ಹೊತ್ತಾದ ಮೇಲೆ ಅವನು ನೊಗದ ಕಣ್ಣಿ ಬಿಚ್ಚಿದ.

"ಬರೂ ವರ್ಷ ಹೋಗೂಣು," ಎಂದ ಎತ್ತುಗಳಿಗೆ.

ನಮ್ಮ ಮನೆಯಿಂದ ಮುರಗೆಪ್ಪ ಕೂರಿಗೆ ಹೊತ್ತು ತಂದು ಬದುವಿನ ಮೇಲಿಟ್ಟು ಹೋದ. ಮೂರನೆಯ ದಿನ ಅಡಿವೆಪ್ಪ ಬಿತ್ತನೆಗೆ ಇಳಿದ. ಜನ್ಮದಲ್ಲಿ ಕೂರಿಗೆ ಹಿಡಿದವನಲ್ಲ. ಎತ್ತು ಬಲಕ್ಕೆ ಎಳೆದರೆ ಅವನು ಎಡಕ್ಕೆ ಒತ್ತುತ್ತಿದ್ದ, ಎತ್ತು ನೆಟ್ಟಗೆ ಹೋದರೆ ಅವನೇ ಎಲ್ಲೋ ನೋಡುತ್ತಿದ್ದ. ಪಾರಕ್ಕ ಹಿಂದಿನಿಂದ ಬೀಜ ಬಿಡುತ್ತ, ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಮೊದಲನೆಯ ಸಾಲಿನ ಕೊನೆಗೆ ಹೋಗಿ ಮುಟ್ಟಿ, ಬೆವರು ಒರೆಸಿಕೊಂಡು, ಹಿಂದೆ ತಿರುಗಿ ನೋಡುವ ಧೈರ್ಯವಾಗದೆ, ಬಾವಿಯ ಹತ್ತಿರ ನಿಂತಿದ್ದ ನನ್ನನ್ನು ಕೂಗಿದ.

"ಏ ಸಾವಂತ್ರೀ, ನೀ ಹೇಳು. ಸಾಲು ನೆಟ್ಟಗೈತೇನು?"

ಸಾಲು ಹಾವು ಹರಿದ ಹಾಗಿತ್ತು. ನಡುವಿನಲ್ಲಿ ಒಂದು ಕಡೆ ತನ್ನನ್ನೇ ಮುಟ್ಟಿಕೊಂಡು ಬಂದಿತ್ತು. ಗೋಧಿಗೆ ಅದರಿಂದೇನೂ ಆಗುವುದಿಲ್ಲ.

"ನೆಟ್ಟಗೈತಿ, ಮಾವಾ," ಎಂದೆ.